ಕ್ಯಾಂಪಿನ ಕಲ್ಲುಗಳನ್ನು ಓದೋಣ

ಮಂಗಸೂಳಿ, ಕಾಗವಾಡ, ಅಥಣಿಗಳ ನಮ್ಮ ಕುಟುಂಬಗಳು ಆಸ್ಪತ್ರೆ, ಕಚೇರಿ, ಕಾಲೇಜುಗಳ ಕೆಲಸಕ್ಕೆಂದು ಬೆಳಗಾವಿಗೆ ಹೋಗುತ್ತವೆ. ಕೆಲಸ ಮುಗಿದೊಡನೆ ಬಸ್ಸು ಹತ್ತುತ್ತವೆ. ಅಲ್ಲಿಯ ಕ್ಯಾಂಪ್ ಪ್ರದೇಶವನ್ನು ಕಾಲ್ನಡಿಗೆಯಲ್ಲಿ ಕಂಡವರು ವಿರಳ.

1818ರಲ್ಲಿ ಕೋಟೆಯನ್ನು ಗೆದ್ದ ಬ್ರಿಟಿಷರು ತಮ್ಮ ಸೇನೆಗಾಗಿ ನಿರ್ಮಿಸಿದ ನೆಲೆಯದು. ಅಗಲವಾದ ರಸ್ತೆಗಳು, ಹೆಂಚಿನ ಬಂಗಲೆಗಳು, ಆಂಗ್ಲಿಕನ್ನರ ಸೇಂಟ್ ಮೇರೀಸ್ ದೇವಾಲಯ, ಇವೆಲ್ಲವೂ ಆಳುವವರ ಅನುಕೂಲಕ್ಕಾಗಿ ಎದ್ದವು. ಆದರೆ 1856ರಲ್ಲಿ ಆರಂಭವಾದ ಸೇಂಟ್ ಪಾಲ್ಸ್ ಶಾಲೆ ಇಂದು ಎಲ್ಲ ಮತಗಳ ಮಕ್ಕಳದು. 1953ರಲ್ಲಿ ಸ್ಥಾಪಿತವಾದ ನಮ್ಮ ಧರ್ಮಕ್ಷೇತ್ರದ ಫಾತಿಮಾ ಮಾತೆಯ ಪ್ರಧಾನಾಲಯವೂ ಅಲ್ಲಿಯೇ ಇದೆ.

ಕಟ್ಟಿದವರ ಉದ್ದೇಶವೊಂದು, ಬಾಳಿದವರ ಬದುಕು ಇನ್ನೊಂದು. ಆದುದರಿಂದ ಪರರ ವೈಭವಕ್ಕೆ ಮರುಳಾಗುವುದೂ ಅರ್ಧಸತ್ಯ, ಪರರದೆಂದು ಅಳಿಸಬಯಸುವುದೂ ಅರ್ಧಸತ್ಯ. ಫಲಕಗಳಲ್ಲಿ ಅಧಿಕಾರಿಗಳ ಹೆಸರುಗಳುಂಟು. ಕಲ್ಲು ಹೊತ್ತ ಕೈಗಳ ನೆನಪನ್ನು ನಾವೇ ಉಳಿಸಬೇಕು.

ಪ್ರಿಯ ಓದುಗರೇ, ಮುಂದಿನ ಬಾರಿ ಎರಡು ಗಂಟೆ ಬಿಡುವು ಮಾಡಿಕೊಳ್ಳಿ. ಬಸದಿಯೂ ಮಸೀದಿಯೂ ಇರುವ ಕೋಟೆಯಿಂದ ಕ್ಯಾಂಪಿನವರೆಗೆ ಮಕ್ಕಳೊಡನೆ ನಡೆಯಿರಿ. ಯಾರು ಕಟ್ಟಿಸಿದರು, ಯಾರು ದುಡಿದರು, ಇಂದು ಯಾರಿಗೆ ನೆರಳಾಗಿದೆ ಎಂದು ಕೇಳಲು ಅವರಿಗೆ ಕಲಿಸಿರಿ. ಹೀಗೆ ಪ್ರಶ್ನಿಸಲು ಕಲಿತ ಮಗು ಇತಿಹಾಸವನ್ನು ದ್ವೇಷದ ಆಯುಧವಾಗಿ ಹಿಡಿಯಲಾರದು.