ಸಿಯುಇಟಿ, ಪಿಎಸ್‌ಸಿ ರೀಸನಿಂಗ್: ಗಡಿನಾಡಿನ ಮಕ್ಕಳ ಮಾರ್ಕು ಹೋಗುವುದೆಲ್ಲಿ?

ಪ್ಲಸ್ ಟು ಮುಗಿಸಿದ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಮಕ್ಕಳಿಗೆ ಮೊದಲು ಕಾಣುತ್ತಿದ್ದ ದಾರಿ ಗಲ್ಫ್. ಈಗ ಇನ್ನೆರಡು ಬಾಗಿಲುಗಳೂ ಇವೆ. ಒಂದು, 2022ರಲ್ಲಿ ಶುರುವಾದ ಕೇಂದ್ರೀಯ ವಿವಿಗಳ ಪ್ರವೇಶ ಪರೀಕ್ಷೆ ಸಿಯುಇಟಿ. ಇನ್ನೊಂದು, ಸರಕಾರಿ ಕೆಲಸಕ್ಕೆ ಕೇರಳ ಪಿಎಸ್‌ಸಿ. ಕೇಂದ್ರೀಯ ವಿವಿ ದೂರವೂ ಅಲ್ಲ, 2009ರಲ್ಲಿ ಆರಂಭವಾದದ್ದು ಜಿಲ್ಲೆಯ ಪೆರಿಯದಲ್ಲೇ ಇದೆ.

ಸಿಯುಇಟಿಯ ಜನರಲ್ ಟೆಸ್ಟ್‌ನಲ್ಲೂ ಪಿಎಸ್‌ಸಿಯಲ್ಲೂ ಸಂಖ್ಯಾ ಸರಣಿ, ದಿಕ್ಕು, ರಕ್ತಸಂಬಂಧ, ಶೇಕಡಾ ಲೆಕ್ಕ ಬರುತ್ತವೆ. ಇದನ್ನು ಬಾಯಿಪಾಠ ಮಾಡಿ ಗೆಲ್ಲಲು ಆಗುವುದಿಲ್ಲ. ದಿನಾ ಮಾಡಿ ಮಾಡಿಯೇ ಕೈಗೆ ಹತ್ತಬೇಕು.

ಮೊದಲ ತೊಡಕು ಭಾಷೆ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳಂ. ಸಿಯುಇಟಿ ಪದವಿ ಪರೀಕ್ಷೆಯ 13 ಭಾಷೆಗಳಲ್ಲಿ ಕನ್ನಡವೂ ಇದೆ, ಒಳ್ಳೆಯದೇ. ಆದರೆ ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ ಎಂಬುದು ನಿಯಮ. ಕನ್ನಡದಲ್ಲಿ 'ಮಾವ' ಅಂದರೆ ತಾಯಿಯ ಅಣ್ಣತಮ್ಮನೂ ಹೌದು, ಹೆಂಡತಿಯ ತಂದೆಯೂ ಹೌದು. 'ಅತ್ತೆ' ಕತೆಯೂ ಅದೇ. ಹಾಗಾಗಿ ರಕ್ತಸಂಬಂಧದ ಪ್ರಶ್ನೆಯನ್ನು ಎರಡೂ ಭಾಷೆಯಲ್ಲಿ ಓದಿ, ಕುಟುಂಬದ ಚಿತ್ರ ಬರೆದು ಬಿಡಿಸುವುದೇ ಸುರಕ್ಷಿತ.

ಎರಡನೆಯದು ಮಾರ್ಕಿನ ಲೆಕ್ಕ. ಸಿಯುಇಟಿಯಲ್ಲಿ ಸರಿಯಾದರೆ 5, ತಪ್ಪಾದರೆ 1 ಕಡಿತ. ನಾಲ್ಕು ಆಯ್ಕೆಗಳ ಪ್ರಶ್ನೆಗೆ ಸುಮ್ಮನೆ ಗುರುತು ಹಾಕಿದರೂ ಸರಾಸರಿ ಅರ್ಧ ಮಾರ್ಕು ಲಾಭ. ಪಿಎಸ್‌ಸಿಯಲ್ಲಿ ಸರಿಗೆ 1, ತಪ್ಪಿಗೆ ಮೂರರಲ್ಲೊಂದು ಕಡಿತ. ಅಲ್ಲಿ ಊಹೆಯ ಸರಾಸರಿ ಸೊನ್ನೆ. ಒಂದು ಆಯ್ಕೆಯನ್ನಾದರೂ ತಪ್ಪೆಂದು ಖಚಿತವಾಗಿ ತಳ್ಳಿಹಾಕಿದರೆ ಮಾತ್ರ ಲಾಭ. ಎರಡಕ್ಕೂ ಒಂದೇ ಧೋರಣೆ ನಡೆಯುವುದಿಲ್ಲ.

ಮೂರನೆಯದು ಸಮಯ. 2025ರಿಂದ ಸಿಯುಇಟಿಯ ಒಂದು ಪತ್ರಿಕೆಗೆ 50 ಪ್ರಶ್ನೆ, 60 ನಿಮಿಷ. ಅಂದರೆ ಪ್ರಶ್ನೆಗೆ 72 ಸೆಕೆಂಡ್. ಗಡಿಯಾರ ಇಡದೆ ಮಾಡುವ ಅಭ್ಯಾಸ ಅರ್ಧ ಅಭ್ಯಾಸ ಅಷ್ಟೇ.

ಹಾಗಂತ ಈ ಲೆಕ್ಕ ಹೊಸತೇನಲ್ಲ. ಝಕಾತ್ ಶೇಕಡಾ ಎರಡೂವರೆ, ಅಂದರೆ 40ರಲ್ಲಿ ಒಂದು ಪಾಲು ಎಂದು ತಿಳಿದ ಹುಡುಗಿ 48,000ಕ್ಕೆ 1,200 ಎಂದು ಪೆನ್ನು ಹಿಡಿಯದೆ ಹೇಳುತ್ತಾಳೆ. 100 ರೂಪಾಯಿ ಮಾಲಿಗೆ 20 ಶೇಕಡಾ ಏರಿಸಿ, ಮತ್ತೆ 20 ಶೇಕಡಾ ಡಿಸ್ಕೌಂಟ್ ಕೊಟ್ಟರೆ ಕೈಗೆ ಬರುವುದು 96 ಎಂದು ಅಂಗಡಿಯಲ್ಲಿ ಕೂರುವ ಹುಡುಗನಿಗೆ ಗೊತ್ತು. ಪರೀಕ್ಷೆ ಕೇಳುವುದೂ ಇದನ್ನೇ, ವೇಗವಾಗಿ.

ಹಳೆಯ ಪ್ರಶ್ನೆ ಪತ್ರಿಕೆಗಳು ಪಿಎಸ್‌ಸಿ, ಎನ್‌ಟಿಎ ವೆಬ್‌ಸೈಟ್‌ಗಳಲ್ಲಿ ಪುಕ್ಕಟೆ ಸಿಗುತ್ತವೆ. ದಿನಕ್ಕೆ 20 ಪ್ರಶ್ನೆ, ತಪ್ಪಾದವುಗಳಿಗೆ ಬೇರೆ ನೋಟ್ ಬುಕ್, ವಾರಕ್ಕೊಂದು ಪೂರ್ತಿ ಪತ್ರಿಕೆ ಸಾಕು. ಬೇಕಿರುವುದು ಕೂರಲು ಜಾಗ, ಹೇಳಿಕೊಡಲು ಒಬ್ಬರು. ಬೆಳಗ್ಗೆ ನಡೆಯುವ ಮದ್ರಸಗಳ ಕೋಣೆಗಳು ಸಂಜೆ ಖಾಲಿ ಇರುತ್ತವೆ. ಜಮಾಅತ್ ಕಮಿಟಿಗಳು ಇಶಾ ನಮಾಝಿನ ಬಳಿಕ ಒಂದು ಗಂಟೆ ಬೀಗ ತೆಗೆದುಕೊಟ್ಟರೆ, ಹೆಣ್ಣುಮಕ್ಕಳಿಗೆ ಹಗಲು ಹೊತ್ತು ಕೊಟ್ಟರೆ, ಕೋಚಿಂಗ್ ಫೀಸು ಕಟ್ಟಲಾಗದ ಮನೆಗಳ ಮಕ್ಕಳೂ ಈ ಸಾಲಿನಲ್ಲಿ ನಿಲ್ಲಬಹುದು.