ಕೈಹೆಣಿಗೆಯ ಉಡುಪಿನ ಮೇಲಣ ನೂಲುಂಡೆಗಳು

ಕ್ರೋಶಾ ಕಡ್ಡಿಯಿಂದ ತಿಂಗಳುಗಟ್ಟಲೆ ಶ್ರಮಿಸಿ ಹೆಣೆದ ಸ್ವೆಟರೊಂದು ಅಲ್ಪಕಾಲದ ಬಳಕೆಯಲ್ಲಿಯೇ ಕಂಕುಳು, ಮೊಣಕೈಗಳ ಬಳಿ ನೂಲಿನ ಸಣ್ಣ ಉಂಡೆಗಳನ್ನು ತಳೆದು ಮಾಸಿದಂತೆ ತೋರಿದೊಡನೆಯೇ ಅದನ್ನು ಹಳತೆಂದು ಮೂಲೆಗೆಸೆಯುವುದು, ಹೆಣೆದ ಕೈಗಳಿಗೆ ನಾವೆಸಗುವ ಅನ್ಯಾಯವೆಂಬುದು ನನ್ನ ದೃಢವಾದ ಅಭಿಪ್ರಾಯ. ಹುರಿ ಸಡಿಲವಾದ ನೂಲಿನ ಗಿಡ್ಡ ಎಳೆಗಳು ಘರ್ಷಣೆಯಿಂದ ಹೊರಚಾಚಿ ಪರಸ್ಪರ ತೊಡಕಿಕೊಳ್ಳುವುದೇ ಈ ಉಂಡೆಗಳ ಹುಟ್ಟಿಗೆ ಕಾರಣವಾದುದರಿಂದ, ದೋಷವು ಬಹುಮಟ್ಟಿಗೆ ನೂಲಿನದೇ ಹೊರತು ಹೆಣೆದವರದಲ್ಲ. ನಿಜವಾದ ಉಣ್ಣೆಯ ಉಂಡೆಗಳು ಕಾಲಕ್ರಮದಲ್ಲಿ ತಾವಾಗಿ ಉದುರುವುದುಂಟು. ಆದರೆ ನಮ್ಮ ಅಂಗಡಿಗಳಲ್ಲಿ ‘ಉಲ್ಲನ್’ ಎಂಬ ಹೆಸರಿನಿಂದಲೇ ಮಾರಲ್ಪಡುವ ಅಕ್ರಿಲಿಕ್ ದಾರದ ಎಳೆಗಳು ಗಟ್ಟಿಯಾಗಿದ್ದು ಉಂಡೆಯನ್ನು ಬಟ್ಟೆಗೆ ಬಿಗಿದಿಡುತ್ತವೆ.

ಆದುದರಿಂದ ಉಂಡೆಗಳನ್ನು ಬೆರಳಿನಿಂದ ಕಿತ್ತೆಳೆಯಕೂಡದು; ಕಿತ್ತಷ್ಟೂ ಒಳಗಿನ ಎಳೆ ಹೊರಬಂದು ಹೊಸ ಉಂಡೆಗೆ ಬೀಜವಾಗುತ್ತದೆ. ಉಡುಪನ್ನು ಮೇಜಿನ ಮೇಲೆ ಹರಡಿ, ಒಂದು ಕೈಯಿಂದ ಮೆಲ್ಲನೆ ಬಿಗಿಹಿಡಿದು, ಚಿಕ್ಕ ಕತ್ತರಿಯಿಂದ ಒಂದೊಂದನ್ನೇ ಕತ್ತರಿಸುವುದು ಲೇಸು. ಉಂಡೆಗಳನ್ನು ಕತ್ತರಿಸುವ ಬ್ಯಾಟರಿಯ ಯಂತ್ರವು ನಯವಾದ ಹೆಣಿಗೆಗೆ ಒಗ್ಗಬಹುದಾದರೂ, ಕ್ರೋಶಾದ ಉಬ್ಬಿದ ಕುಣಿಕೆಗಳಲ್ಲಿ ಒಂದೇ ಒಂದು ತುಂಡಾದರೂ ಅಲ್ಲಿ ಹೆಣಿಗೆ ಬಿಚ್ಚಿಕೊಳ್ಳುವ ಭೀತಿಯುಂಟು. ಒಗೆಯುವಾಗ ಒಳಮಗ್ಗುಲನ್ನು ಹೊರಕ್ಕೆ ತಿರುವಿ, ತಣ್ಣೀರಿನಲ್ಲಿ ಉಜ್ಜದೆ ಅದ್ದಿ ತೆಗೆದು, ನೆರಳಿನಲ್ಲಿ ಹರಡಿ ಒಣಗಿಸಬೇಕು.

ಆರೈಕೆ ಇಂತಿರಲಿ; ದೋಷವು ನೂಲಿನದಾದುದರಿಂದ ಅದನ್ನು ಕೊಳ್ಳುವಾಗಲೇ ಅರಿಯುವಂತಿರಬೇಕು. ಬಟ್ಟೆಯು ಎಷ್ಟು ಉಂಡೆಗಟ್ಟುತ್ತದೆಂಬುದನ್ನು 1ರಿಂದ 5ರವರೆಗಿನ ಅಂಕಗಳಲ್ಲಿ ಅಳೆಯುವ ಪರೀಕ್ಷೆಗಳು ಜವಳಿ ಉದ್ಯಮದಲ್ಲಿ ರೂಢವಾಗಿವೆ. 5 ಎಂದರೆ ಉಂಡೆಯೇ ಇಲ್ಲದ ಬಟ್ಟೆ. ಹಾಗಿರುವಲ್ಲಿ ಮನೆಯಲ್ಲಿ ಹೆಣೆಯುವವರು ಕೊಳ್ಳುವ ದಾರದ ಸುತ್ತುಪಟ್ಟಿಯ ಮೇಲೂ ಅಂತಹ ಅಂಕವನ್ನು, ಅದರೊಡನೆ ಎಳೆಯ ನಿಜವಾದ ಜಾತಿಯನ್ನು, ತಯಾರಕರು ಸ್ಪಷ್ಟವಾಗಿ ಮುದ್ರಿಸತಕ್ಕದ್ದು.