ಬೆಂಕಿ ನಂದಿಸುವವರು ಪೊಲೀಸರಲ್ಲ

ಅಗ್ನಿಶಾಮಕ ದಳದವರಿಗೆ ಸಂಘವೇಕೆ, ಅದು ಜನರ ಪ್ರಾಣದ ಪ್ರಶ್ನೆಯಲ್ಲವೇ ಎಂದು ಕೇಳುವವರು ನಮ್ಮ ನಡುವೆಯೇ ಇದ್ದಾರೆ. ಪ್ರಾಣದ ಪ್ರಶ್ನೆ ಹೌದು. ಆದರೆ ಹೊಗೆಯೊಳಗೆ ನುಗ್ಗುವವನಿಗೂ ಒಂದು ಪ್ರಾಣವಿದೆಯಷ್ಟೆ. ಪಾಳಿಗೆ ಆಳು ಸಾಲದಿದ್ದರೆ, ಹಾಕಿಕೊಳ್ಳುವ ಸಲಕರಣೆ ಕೆಟ್ಟಿದ್ದರೆ, ಮೇಲಧಿಕಾರಿಯ ಎದುರು ಸಮನಾಗಿ ಕುಳಿತು ಮಾತಾಡಿ ಒಪ್ಪಂದ ಬರೆಸಿಕೊಳ್ಳುವುದು ಅವನಿಗೆ ಬೇಡವೇ? ಸಾಮೂಹಿಕ ಚೌಕಾಶಿ ಎಂದರೆ ಅದೇ.

ಬೆಂಕಿ ನಂದಿಸುವುದು ಉದ್ದಿಮೆಯಲ್ಲ, ರಾಜಕಾರ್ಯ ಎಂಬ ವಾದಕ್ಕೆ 1960ರಲ್ಲೇ ಪೆಟ್ಟು ಬಿದ್ದಿದೆ. ನಾಗಪುರ ಕಾರ್ಪೊರೇಷನ್ ತನ್ನ ನೌಕರರ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಒಂದೊಂದೇ ಇಲಾಖೆಯನ್ನು ನೋಡುತ್ತಾ ಬಂದು, ಅಗ್ನಿಶಾಮಕ ಇಲಾಖೆಯೂ ಉದ್ದಿಮೆಯೇ ಎಂದಿತು. ಖಾಸಗಿಯವನು ಮಾಡಿದರೆ ಉದ್ದಿಮೆಯಾಗುವ ಸೇವೆ, ಕಾರ್ಪೊರೇಷನ್ ಮಾಡಿದ ಮಾತ್ರಕ್ಕೆ ಬೇರೆಯಾಗುವುದಿಲ್ಲ ಎಂಬುದು ಅದರ ತರ್ಕ.

ಇನ್ನೊಂದು ವಾದ, ಅವರೂ ಪೊಲೀಸರಂತೆ ಎಂಬುದು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1948ರ 87ನೆಯ ಒಡಂಬಡಿಕೆ ಪ್ರತ್ಯೇಕವಾಗಿಟ್ಟಿರುವುದು ಸೈನ್ಯ ಮತ್ತು ಪೊಲೀಸರನ್ನು ಮಾತ್ರ. ಜಪಾನ್ 1965ರಲ್ಲಿ ಅದನ್ನು ಅನುಮೋದಿಸಿಯೂ ಅಗ್ನಿಶಾಮಕರಿಗೆ ಸಂಘ ಕಟ್ಟಲು ಬಿಡಲಿಲ್ಲ. ಸಂಸ್ಥೆ ಮತ್ತೆ ಮತ್ತೆ ಆಕ್ಷೇಪಿಸಿದ ಮೇಲೆ 1996ರಿಂದ ಸಿಬ್ಬಂದಿ ಸಮಿತಿಗಳನ್ನು ಮಾಡಿಕೊಟ್ಟಿತು. ಸಮಿತಿ ಅಭಿಪ್ರಾಯ ಹೇಳಬಹುದು, ಒಪ್ಪಂದ ಮಾಡುವಂತಿಲ್ಲ. ಅದಕ್ಕೆ ಅರ್ಜಿ ಎನ್ನುತ್ತಾರೆ, ಚೌಕಾಶಿ ಎನ್ನುವುದಿಲ್ಲ. ಜಪಾನನ್ನು ದೂರಲು ನಮಗೂ ಬಾಯಿಲ್ಲ ಅನ್ನಿ. ಭಾರತ ಆ ಒಡಂಬಡಿಕೆಯನ್ನು ಅನುಮೋದಿಸಿಯೇ ಇಲ್ಲ.

ಊರು ಉರಿಯುವಾಗ ಮುಷ್ಕರ ಹೂಡಿದರೆ? ಅಗ್ನಿಶಾಮಕರ ಮುಷ್ಕರಕ್ಕೆ ತಡೆ ಹಾಕಬಹುದೆಂದು ಆ ಸಂಸ್ಥೆಯೂ ಒಪ್ಪುತ್ತದೆ. ಆದರೆ ಅದಕ್ಕೆ ಬದಲಾಗಿ ನಿಷ್ಪಕ್ಷಪಾತ ಪಂಚಾಯಿತಿಕೆ ಕೊಡಬೇಕೆನ್ನುತ್ತದೆ. ನಮ್ಮವರು ತಡೆಯನ್ನಷ್ಟೇ ನೆನಪಿಟ್ಟುಕೊಳ್ಳುತ್ತಾರೆ.

2025ರ ನವೆಂಬರ್ 21ರಿಂದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಯಲ್ಲಿದೆ. ಒಂದಕ್ಕಿಂತ ಹೆಚ್ಚು ಸಂಘಗಳಿದ್ದರೆ, ಹಾಜರಿ ಪಟ್ಟಿಯಲ್ಲಿರುವವರಲ್ಲಿ ನೂರಕ್ಕೆ 51 ಮಂದಿಯ ಬೆಂಬಲವಿರುವ ಸಂಘವೇ ಮಾತುಕತೆಯ ಸಂಘ. ಯಾರಿಗೂ ಅಷ್ಟಿಲ್ಲದಿದ್ದರೆ ನೂರಕ್ಕೆ 20ರಷ್ಟಾದರೂ ಇರುವ ಸಂಘಗಳು ಸೇರಿದ ಪರಿಷತ್ತು. ಇದು ಒಳ್ಳೆಯದೇ, 1926ರ ಹಳೆಯ ಕಾಯಿದೆಯಡಿ ನೋಂದಣಿಯಾದರೂ ಮಾಲೀಕ ಮಾತಿಗೆ ಕರೆಯಲೇಬೇಕೆಂದಿರಲಿಲ್ಲ. ಆದರೆ ಅದೇ ಸಂಹಿತೆ ಸರ್ಕಾರದ ಸಾರ್ವಭೌಮ ಕಾರ್ಯಗಳನ್ನು ಉದ್ದಿಮೆಯಿಂದ ಹೊರಗಿಟ್ಟಿದೆ. 1960ರಲ್ಲಿ ಸೋತ ವಾದ ಮತ್ತೆ ಒಳಬರಲು ಈ ಕಿಂಡಿ ಸಾಕು. ಅದಕ್ಕೆ ಮುಂಚೆ, ಪೌರಸಂಸ್ಥೆಗಳ ಅಗ್ನಿಶಾಮಕ ಬಂಧುಗಳು ನಾಲ್ಕು ಸಂಘಗಳಾಗಿ ಒಡೆಯದೆ, ಚಾಲಕನಿಂದ ನೀರಿನ ಕೊಳವೆ ಹಿಡಿಯುವವನವರೆಗೆ ಎಲ್ಲರಿಗೂ ಚಂದಾ ರಸೀದಿ ಹರಿದು, ನಾಗಪುರದ ತೀರ್ಪಿನ ಪ್ರತಿಯನ್ನು ಕೈಯಲ್ಲಿಟ್ಟುಕೊಂಡಿರಲಿ.